ಐದನೆಯವನು

ಬೆಳಿಗ್ಗೆ ಹತ್ತೂವರೆಗೆ ನಾನು ಯಾರೂ ಅಲ್ಲ.
ನನ್ನ ವಕೀಲೆ ಮಿಸ್ ಪ್ರೂವಿಟ್ ಎದ್ದು
ಪದರ ಪದರವಾಗಿ ನನ್ನನ್ನು ಸುಲಿದಳು:
ಸಂಚು ಇವನದಲ್ಲ. ವ್ಯಾನು ಇವನದಲ್ಲ.
ಗರಗಸ ಹಿಡಿದು ಕಾರಿನಡಿ ತೆವಳಿದವನಲ್ಲ,
ಕನ್ವರ್ಟರ್ ಕತ್ತರಿಸಿದವನಲ್ಲ, ಮಾರಿದವನಲ್ಲ.
ಗುಜರಿ ಅಂಗಳದ ಗೇಟು ತೆಗೆದ, ಗೇಟು ಹಾಕಿದ.
ರಾತ್ರಿಗೆ ಅರವತ್ತು ಡಾಲರು,
ಚಳಿ ಜಾಸ್ತಿಯಿದ್ದರೆ ಒಂದು ಕಾಫಿ.
ಹಿಂದಿನ ಬೆಂಚಿನಲ್ಲಿ ಅಕ್ಕ ತಲೆಯಾಡಿಸಿದಳು:
ಹೌದು, ಚಿಕ್ಕಂದಿನಿಂದಲೂ ಇವನು ಹೀಗೇ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನ್ಯಾಯಾಧೀಶೆ ಕನ್ನಡಕ ಒರೆಸಿ ಬರೆದುಕೊಂಡರು:
ಕನಿಷ್ಠ ಪಾತ್ರ. ನಾಲ್ಕು ಮೆಟ್ಟಿಲು ಕೆಳಗೆ.
ಅವರ ಬಳಿ ಮಗ್ಗಿಯ ಹಾಳೆಯಂಥ ಕೋಷ್ಟಕವಿದೆ,
ಎಡಗಡೆ ಈಗ ಮಾಡಿದ್ದು, ಮೇಲುಗಡೆ ಹಿಂದೆ ಮಾಡಿದ್ದು,
ಎರಡೂ ಕೂಡುವ ಮನೆಯಲ್ಲಿ
ಆಯುಷ್ಯದ ಒಂದು ತುಂಡು.
ನನ್ನ ಮನೆಯಲ್ಲಿ ಎಂಟು ತಿಂಗಳಿತ್ತು.

ಮಧ್ಯಾಹ್ನ ಎರಡಕ್ಕೆ ವೆಂಡೆಲ್ ಕ್ರುಪಾನ ಸರದಿ.
ಶರಣಾಗಲು ನನಗೆ ಆರು ವಾರ ಕೊಟ್ಟಿದ್ದರು,
ಹೋಗಬಹುದಿತ್ತು. ಅಕ್ಕ ಕಾರು ತರಲು ಇಳಿದಳು.
ನಾನು ಕೂತೇ ಇದ್ದೆ.

ಸರ್ಕಾರಿ ವಕೀಲನಿಗೆ ಈಗ ಐದು ಜನ ಬೇಕು.
ಐದಾದರೆ ಮುಖಂಡನಿಗೆ ನಾಲ್ಕು ಮೆಟ್ಟಿಲು ಮೇಲೆ,
ನಾಲ್ಕೇ ಜನವಾದರೆ ಅದೇ ಮುಖಂಡತನಕ್ಕೆ ಎರಡೇ.
ಬೆರಳು ಮಡಿಸಿದ:
ಕ್ರುಪಾ ಒಂದು. ಗರಗಸದ ಲೋನಿ ಎರಡು.
ವ್ಯಾನು ಓಡಿಸಿದ ಸೋದರಳಿಯ ಮೂರು.
ಡೆಟ್ರಾಯ್ಟಿನಲ್ಲಿ ಪ್ಲಾಟಿನಮ್ ರೇಟು ಕೇಳಿ ಬರುತ್ತಿದ್ದ ಟಕೆಟ್ ನಾಲ್ಕು.
ಹೆಬ್ಬೆರಳೊಂದು ಉಳಿಯಿತು. ಗಾಳಿಯಲ್ಲಿ ನಿಂತು
ಕೋಣೆಯೆಲ್ಲ ಹುಡುಕಿ
ನನ್ನತ್ತ ತಿರುಗಿತು.

ಬೆಳಿಗ್ಗೆ ಸುಲಿದೆಸೆದ ಸಿಪ್ಪೆಯನ್ನೆಲ್ಲ ಆಯ್ದು
ಅವನು ನನಗೇ ಮತ್ತೆ ತೊಡಿಸಿದ:
ಡೆಲ್ಬರ್ಟ್ ಹಾಯ್ಟ್ ಇಲ್ಲದೆ ವ್ಯಾನು ಒಳಗೆ ಬರುತ್ತಿತ್ತೆ?
ಆ ನಾಯಿ ಬೇರೆ ಯಾರ ಮಾತು ಕೇಳುತ್ತಿತ್ತು?
ನೂರ ಹನ್ನೊಂದು ರಾತ್ರಿ,
ಮೌಮೀ ನದಿ ಹೆಪ್ಪುಗಟ್ಟಿ ಟೊಲೀಡೊ ಕದ ಮುಚ್ಚಿದ್ದಾಗಲೂ
ಒಂದು ದಿನ ತಪ್ಪಿಸಿದವನಲ್ಲ.
ಜೀವಮಾನದಲ್ಲಿ ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು
ಯಾರೂ ಆಡಿರಲಿಲ್ಲ.
ನಾಚಿಕೆಯಾಗಬೇಕಿತ್ತು. ಬೆನ್ನು ನೆಟ್ಟಗಾಯಿತು.

ಕ್ರುಪಾನ ವಕೀಲ ಕೇಳಿದ, ಎಲ್ಲಿದೆ ಆಜ್ಞೆ?
ಒಂದು ಮೆಸೇಜು? ಒಂದು ಗದರಿಕೆ?
ನಿಜ. ಅವನು ಗದರಿದವನಲ್ಲ.
ಗದ್ದ ಮೇಲೆತ್ತಿದರೆ ತೆಗೆ, ಇಳಿಸಿದರೆ ಹಾಕು, ಅಷ್ಟೇ ನಮ್ಮ ಭಾಷೆ.
ನ್ಯಾಯಾಧೀಶೆ ನಿಧಾನಕ್ಕೆ ಕೇಳಿದರು:
ಯಾರು ಯಾರನ್ನು ಕರೆತಂದರು? ಬೀದಿ ಯಾರು ಆರಿಸಿದರು?
ಯಾರ ಪಾಲು ದೊಡ್ಡದು?
ಹಣ ಎಣಿಸುವಾಗ ಯಾರು ಕೂತಿದ್ದರು, ಯಾರು ನಿಂತಿದ್ದರು?

ಕೊನೆಯದಕ್ಕೆ ಉತ್ತರ ನನಗೆ ಗೊತ್ತಿತ್ತು.
ಶೆಡ್ಡಿನಲ್ಲಿದ್ದದ್ದು ಒಂದೇ ಆಸನ, ಶಾಲೆ ಬಸ್ಸಿನಿಂದ ಕಿತ್ತದ್ದು.
ಅವನಿಲ್ಲದಾಗಲೂ ನಾವದರಲ್ಲಿ ಕೂತಿರಲಿಲ್ಲ.
ಕೂರಬೇಡಿ ಎಂದು ಯಾರೂ ಅಂದಿರಲಿಲ್ಲ.
ಕಾಲು ನೋಯುತ್ತಿತ್ತು.

ನನ್ನನ್ನು ಯಾರೂ ಕೇಳಲಿಲ್ಲ.
ಅಮ್ಮ ಸತ್ತಾಗ ಪೆಟ್ಟಿಗೆ ಹೊರಲು ಐದೇ ಜನವಿದ್ದೆವು,
ಕರೆಯದೆ ಬಂದು ಹೆಗಲು ಕೊಟ್ಟ ಆರನೆಯವನು ಕ್ರುಪಾ.
ಆ ಎಣಿಕೆ ಯಾವ ಕಾಲಮ್ಮಿಗೂ ಸೇರಲಿಲ್ಲ.

ಐದು, ಎಂದರು ನ್ಯಾಯಾಧೀಶೆ.
ಚಿಕ್ಕವನಾದರೇನು, ಎಣಿಕೆಗೆ ಸಿಗುತ್ತಾನೆ.
ನಾಲ್ಕು ಮೆಟ್ಟಿಲು ಮೇಲೆ. ಏಳು ವರ್ಷ.

ಮಾರ್ಷಲ್‌ಗಳು ಅವನನ್ನು ಎಬ್ಬಿಸಿದರು.
ಪಕ್ಕದ ಬಾಗಿಲಿಗೆ ಹೋಗುವ ಮುನ್ನ ಕ್ರುಪಾ ತಿರುಗಿದ,
ಸಿಟ್ಟಿರಲಿಲ್ಲ,
ಗದ್ದ ಸ್ವಲ್ಪ ಇಳಿಸಿದ.
ವಕೀಲರ ಜಾಗಕ್ಕೂ ನಮ್ಮ ಬೆಂಚಿಗೂ ನಡುವೆ
ಮೊಣಕಾಲೆತ್ತರದ ಮರದ ಗೇಟೊಂದು ಅರ್ಧ ತೆರೆದಿತ್ತು.
ನಾನು ಎದ್ದೆ,
ಹಾಕಿದೆ.

ಟೈಪಿಸುವ ಹೆಂಗಸು ಯಂತ್ರ ಮುಚ್ಚಿಯಾಗಿತ್ತು.